ಒರೆಯ ಹದ

ಹದ ಎಂಬ ಮಾತನ್ನು ಇಸ್ಹಾಕ್ ಸಾಹೇಬರು ದಿನಕ್ಕೆ ಇಪ್ಪತ್ತು ಸಲವಾದರೂ ಆಡುತ್ತಿದ್ದರು. ಚಹಾಕ್ಕೆ ಹದ, ಚಳಿಗೆ ಹದ, ಗಿರಾಕಿಯ ಜೊತೆ ಆಡುವ ಜಗಳಕ್ಕೂ ಒಂದು ಹದ. ಮಿಶಿಗನ್‌ಗೆ ಬಂದು ಇಪ್ಪತ್ತೆಂಟು ವರ್ಷವಾಗಿದ್ದರೂ ಈ ಒಂದು ಮಾತಿಗೆ ಇಂಗ್ಲಿಷಿನಲ್ಲಿ ಜೋಡಿ ಸಿಕ್ಕಿರಲಿಲ್ಲ. ಸಿಗದಿದ್ದರೆ ಕತ್ತೆಬಾಲ ಎಂದು ಅವರು ಇಂಗ್ಲಿಷಿನ ನಡುವೆಯೂ ಅದನ್ನೇ ತುರುಕುತ್ತಿದ್ದರು. "ದಿಸ್ ಲೆದರ್, ನೋ ಹದ" ಎಂದರೆ ಬಿಳಿಯ ಗಿರಾಕಿಗಳೂ ಅರ್ಥವಾದವರಂತೆ ತಲೆಯಾಡಿಸುತ್ತಿದ್ದರು. ಅದೇ ಮಾತು ಒಂದು ದಿನ ತಮ್ಮ ಮೇಲೆ ತಿರುಗಿ ಬೀಳುತ್ತದೆ ಎಂದು ಸಾಹೇಬರು ಕನಸಿನಲ್ಲೂ ಎಣಿಸಿರಲಿಲ್ಲ.

ಅವರ ತಂದೆ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಜಟಕಾ ಕುದುರೆಗಳಿಗೆ ಕಡಿವಾಣ, ಜೀನು, ಎದೆಪಟ್ಟಿ ಹೊಲಿಯುತ್ತಿದ್ದವರು. ಮಗ ಡೆಟ್ರಾಯಿಟ್‌ಗೆ ಬಂದು ಕಾರಿನ ಸೀಟು ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕಳೆದು, ಅದು ಮುಚ್ಚಿದ ಮೇಲೆ ರಾಚೆಸ್ಟರ್ ಹಿಲ್ಸ್‌ನಲ್ಲಿ ಒಂದು ಡ್ರೈಕ್ಲೀನರ್ ಅಂಗಡಿಯ ಪಕ್ಕದಲ್ಲಿ ಬೂಟು ರಿಪೇರಿ ಅಂಗಡಿ ತೆರೆದರು. ಎರಡು ಸಾವಿರದ ಒಂದರ ಬೇಸಿಗೆಯಲ್ಲಿ ಕಾನೂನು ಬದಲಾಯಿತು. ತರಗತಿಗೆ ಹೋಗಿ ಲೈಸೆನ್ಸ್ ಪಡೆದವರು ಪಿಸ್ತೂಲನ್ನು ಅಂಗಿಯ ಮರೆಯಲ್ಲಿ ಇಟ್ಟುಕೊಂಡು ಓಡಾಡುವುದು ಮೊದಲಿಗಿಂತ ಸುಲಭವಾಯಿತು. ಒಬ್ಬ ನಿವೃತ್ತ ಪೊಲೀಸಿನವನು ಹೊಲಿಗೆ ಬಿಚ್ಚಿದ ಪಿಸ್ತೂಲಿನ ತೊಗಲು ಚೀಲ, ಹೋಲ್‌ಸ್ಟರ್ ಒಂದನ್ನು ರಿಪೇರಿಗೆ ತಂದ. ಸಾಹೇಬರು ಅದನ್ನು ಬಿಚ್ಚಿ ನೋಡಿದರು. ತಂದೆಯ ಜೀನಿನ ಹೊಲಿಗೆಯೇ, ಅಳತೆ ಮಾತ್ರ ಚಿಕ್ಕದು. ಅಂದಿನಿಂದ ಶುರುವಾಯಿತು ಕಸುಬು. ಅದನ್ನು ಅವರು ಹೋಲ್‌ಸ್ಟರ್ ಎನ್ನುತ್ತಿರಲಿಲ್ಲ. ಒರೆ ಎನ್ನುತ್ತಿದ್ದರು.

ಮನೆಯಾಕೆ ಖುರ್ಷೀದ್‌ಗೆ ಇದು ಸುತರಾಂ ಹಿಡಿಸಲಿಲ್ಲ. ಈ ಕಾಲದಲ್ಲಿ, ನಮ್ಮ ಹೆಸರಿಟ್ಟುಕೊಂಡು, ಪಿಸ್ತೂಲಿನ ಸಹವಾಸ ಬೇಕೇ ಎಂದು ಆಕೆ ಕೇಳಿದ್ದು ತಪ್ಪೇನಲ್ಲ. ಸಾಹೇಬರು ಅದಕ್ಕೊಂದು ದಾರಿ ಕಂಡುಕೊಂಡರು. ಪಿಸ್ತೂಲನ್ನು ಮುಟ್ಟುವುದೇ ಇಲ್ಲ. ಗಿರಾಕಿ ಹೇಳಿದ ಮಾದರಿಯನ್ನು ಮೇಪಲ್ ಮರದಲ್ಲಿ ಕೆತ್ತಿಕೊಂಡು ಅದರ ಮೇಲೆ ತೊಗಲನ್ನು ಕೂರಿಸುವುದು. ಅವರ ಕಪಾಟಿನಲ್ಲಿ ಹದಿನಾಲ್ಕು ಮರದ ಪಿಸ್ತೂಲುಗಳಿದ್ದವು, ಒಂದರಿಂದಲೂ ಒಂದು ನೊಣ ಸತ್ತಿರಲಿಲ್ಲ.

ಎರಡು ಸಾವಿರದ ಎರಡರ ನವೆಂಬರಿನಲ್ಲಿ ಗಂಡಹೆಂಡತಿ ಇಬ್ಬರು ಅಂಗಡಿಗೆ ಬಂದರು. ಸಂಗಮೇಶ ಪಾಂಟಿಯಾಕ್‌ನಲ್ಲಿ ಔಷಧಿ ಅಂಗಡಿ ನಡೆಸುವವನು. ಆ ವರ್ಷ ಎರಡು ಸಲ ಅವನ ಹಣೆಗೆ ಪಿಸ್ತೂಲು ಹಿಡಿದು ನೋವಿನ ಮಾತ್ರೆಗಳನ್ನು ದೋಚಿದ್ದರು. ಹೆಂಡತಿ ಗುರುದೇವಿ ಚಪ್ಪಲಿಗೆ ಹೆಸರಾದ ಅಥಣಿಯ ಕಡೆಯವಳು. ಗಂಡ ಪಿಸ್ತೂಲು ಕೊಂಡ ದಿನದಿಂದ ಆಕೆ ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ. ಹಣೆಗೆ ಹಿಡಿದಿದ್ದು ಅವನ ಹಣೆಗೆ, ಬೇಡ ಎನ್ನಲು ಬಾಯಿ ಬರಲಿಲ್ಲ.

ಸಾಹೇಬರು ಮೇಜಿನ ಮೇಲೆ ಒಂದು ಇಡೀ ತೊಗಲನ್ನು ಹಾಸಿದರು. ಯಾವುದರ ತೊಗಲು ಎಂದು ಸಂಗಮೇಶ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಥಣಿಯ ಚಪ್ಪಲಿ ಮೆಟ್ಟಿ ಬೆಳೆದವರು ಕೇಳುವ ಪ್ರಶ್ನೆಯಲ್ಲ ಅದು.

"ಇದು ಮರದ ತೊಗಟೆ ಕಷಾಯದಲ್ಲಿ ಹದ ಮಾಡಿರೋ ತೊಗಲು," ಎಂದರು ಸಾಹೇಬರು. "ಕಾರಿನ ಸೀಟಿಂದು ಬೇರೆ, ಅದು ಕ್ರೋಮ್ ಉಪ್ಪಲ್ಲಿ ಹದ ಮಾಡೋದು. ಮೆತ್ತಗಿರುತ್ತೆ ನಿಜ, ಆದ್ರೆ ಕಬ್ಬಿಣಾನ ತಿಂದುಹಾಕುತ್ತೆ. ಹೊಟ್ಟೆ ಕಡೆ ತೊಗಲೂ ಬೇಡ, ಹಿಗ್ಗುತ್ತೆ. ಬೆನ್ನಿನ ಪಕ್ಕದ್ದು ಬೇಕು."

ಆಮೇಲೆ ಎರಡು ತುಂಡು ಕತ್ತರಿಸಿ, ಹೊಲಿದು, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆದು, ಮರದ ಪಿಸ್ತೂಲನ್ನು ಒಳಗೆ ತುರುಕಿ, ತಂದೆಯಿಂದ ಬಂದಿದ್ದ ಎಮ್ಮೆಕೊಂಬಿನ ತುಂಡಿನಿಂದ ಮೇಲೆ ತೀಡತೊಡಗಿದರು. ಅರ್ಧ ಗಂಟೆಯಲ್ಲಿ ಬರಿಯ ತೊಗಲಿನ ಮೇಲೆ ಒಂದೊಂದೇ ಗೆರೆ ಎದ್ದಿತು. ಮೊದಲು ನಳಿಕೆಯ ಅಂಚು, ಆಮೇಲೆ ಕುದುರೆಯ, ಅಂದರೆ ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಕೀಲಿನ, ಸುತ್ತಿನ ಬಳೆ. ಒಳಗಿರುವುದೆಲ್ಲ ಹೊರಗೆ ಕಾಣಿಸತೊಡಗಿತು. ಗುರುದೇವಿ ಕುರ್ಚಿಯಿಂದ ಎದ್ದು ಮೇಜಿನ ಹತ್ತಿರ ಬಂದು ನಿಂತಳು.

"ಇದಕ್ಕ ನೆನಪಿರತೈತೇನ್ರಿ ಅಂಕಲ್?" ಎಂದು ಕೇಳಿದಳು.

"ಒಣಗಿದ ಮೇಲೆ ಸಾಯೋವರೆಗೂ ಮರೆಯಲ್ಲಮ್ಮ," ಎಂದರು ಸಾಹೇಬರು. ತೊಗಲಿನ ಜೊತೆ ನಲವತ್ತು ವರ್ಷ ಕಳೆದಿದ್ದರೂ ನೀರು ಕುಡಿದ ತೊಗಲು ಹೀಗೆ ರೂಪ ಹಿಡಿಯುವುದನ್ನು ಕಂಡಾಗಲೆಲ್ಲ ಅವರ ಮೈ ಜುಮ್ಮೆನ್ನುತ್ತಿತ್ತು. ಇದು ನಾನು ಮಾಡಿದ್ದಲ್ಲ, ಮೇಲಿರುವವನು ಮಾಡಿದ್ದು, ನಾನು ಬರೀ ತೀಡಿದೆ ಎಂದುಕೊಳ್ಳುತ್ತಿದ್ದರು. ಅಂದು ಇನ್ನೊಬ್ಬರ ಕಣ್ಣಿನಲ್ಲೂ ಅದೇ ಬೆರಗನ್ನು ಕಂಡು ಅವರಿಗೆ ಖುಷಿಯಾಯಿತು.

ಒರೆ ಒಣಗಿ ಸಂಗಮೇಶನ ಸೊಂಟ ಸೇರಿತು. ವಾರ ಕಳೆದ ಮೇಲೆ ಗುರುದೇವಿ ಫೋನು ಮಾಡಿದಳು. ಗಂಡನಿಗೆ ಅದು ಕಚ್ಚುತ್ತಿದೆ, ಸೊಂಟದ ಮೇಲೆ ಕೆಂಪಗೆ ಬರೆ ಎದ್ದಿದೆ. ಅದೇ ಹೊತ್ತಿಗೆ ಅಂಗಡಿಯಲ್ಲಿ ಒಬ್ಬಾಕೆ ಹಿಮ್ಮಡಿ ಕಿತ್ತ ಬೂಟು ಹಿಡಿದುಕೊಂಡು ಅವಸರ ಮಾಡುತ್ತಿದ್ದಳು. ಸಾಹೇಬರು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು, "ಹೊಸದಲ್ವೇನಮ್ಮ, ಸ್ವಲ್ಪ ದಿನ ಹಾಗೇನೆ. ಹದ ಮಾತ್ರ ಚೆನ್ನಾಗಿ ನೋಡ್ಕೊಳ್ಳಿ, ಹದ ತಪ್ಪಬಾರ್ದು," ಎಂದರು. ಅಷ್ಟು ಹೇಳಿ ಫೋನಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಫೆಬ್ರವರಿಯಲ್ಲಿ ಸಂಗಮೇಶನೇ ಫೋನು ಮಾಡಿದ. ದನಿ ತಣ್ಣಗಿತ್ತು. ಹತ್ತು ದಿನದ ಹಿಂದೆ ಅಂಗಡಿಯ ಬಾಗಿಲು ತೆರೆಯುವ ಮುಂಚೆ ಪಿಸ್ತೂಲನ್ನು ತೆಗೆದು ನೋಡಿ ಮತ್ತೆ ಒರೆಗೆ ಸೇರಿಸುವಾಗ ಗುಂಡು ಹಾರಿತಂತೆ. ತೊಡೆಯ ಹೊರಮೈಯ ಚರ್ಮವನ್ನು ಒಂದು ಗೇಣುದ್ದ ಸೀಳಿಕೊಂಡು ಹೋಗಿ ನೆಲದ ಟೈಲ್ಸ್ ಒಡೆಯಿತಂತೆ. ಎರಡು ಇಂಚು ಒಳಗೆ ಬಂದಿದ್ದರೆ ರಕ್ತ ನಿಲ್ಲಿಸುವುದು ಕಷ್ಟವಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ.

"ತಪ್ಪು ನಂದ ಬೆರಳಿಂದು ರೀ ಅಂಕಲ್. ಕುದುರಿ ಮ್ಯಾಲಿತ್ತು. ಪೊಲೀಸರಿಗೂ ಹಂಗ ಹೇಳೀನಿ," ಎಂದ. "ನಂಗ ಇನ್ನೊಂದು ಹೊಸಾದು ಹೊಲದು ಕೊಡ್ರಿ. ಹಳೇದು ಬ್ಯಾಡ."

ಸಾಹೇಬರು ಫೋನಿಟ್ಟರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅವರ ಪಾಡು. ಬೆರಳು ತನ್ನದೇ ಎಂದು ಅವನು ಹೇಳುತ್ತಿದ್ದಾನೆ, ಸರಿ. ಆದರೆ ಹಳೆಯದು ಯಾಕೆ ಬೇಡ? ತಮ್ಮ ಹೊಲಿಗೆ ಬಿಟ್ಟಿತೇ? ತೊಗಲು ಮೋಸ ಮಾಡಿತೇ? ತಮ್ಮ ಕೈಯ ಕೆಲಸದಿಂದ ಒಂದು ಮನೆಯ ದೀಪ ಆರುವುದರಲ್ಲಿತ್ತೇ? ಮರುದಿನ ಬೆಳಿಗ್ಗೆ ಹೊಸ ಒರೆಗೆಂದು ಮೂರು ತುಂಡು ತೊಗಲನ್ನೂ ಆ ಮರದ ಪಿಸ್ತೂಲನ್ನೂ ಚೀಲಕ್ಕೆ ಹಾಕಿಕೊಂಡು, ಹಳೆಯದನ್ನು ಕಣ್ಣಾರೆ ನೋಡಲೇಬೇಕೆಂದು ಸಂಗಮೇಶನ ಮನೆಗೆ ಹೊರಟರು.

ಮನೆ ಎರಡೇ ಮೈಲಿ ದೂರದ ಬಡಾವಣೆಯಲ್ಲಿತ್ತು. ಸಂಗಮೇಶ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ. ಗುರುದೇವಿ ಚಹಾ ತಂದಿಟ್ಟಳು. ಹನ್ನೊಂದು ದಿನದಲ್ಲಿ ಆಕೆಯ ಮುಖ ಅರ್ಧವಾಗಿತ್ತು.

"ಹಳೇ ಒರೆ ಒಂದ್ಸಲ ನೋಡ್ಬೇಕಿತ್ತು," ಎಂದರು ಸಾಹೇಬರು.

"ಅದನ್ನ ಕಸಕ್ಕ ಹಾಕೀನ್ರಿ," ಎಂದ ಸಂಗಮೇಶ, ತೀರ ಬೇಗನೆ.

"ಇಲ್ರಿ, ನಾ ಎತ್ತಿಟ್ಟೀನಿ," ಎಂದಳು ಗುರುದೇವಿ. "ಅಂಕಲ್ ಅಷ್ಟು ಕಷ್ಟಪಟ್ಟು ಮಾಡಿದ್ದು, ಕಸಕ್ಕ ಹಾಕ್ತಾರೇನು? ರಕ್ತ ಆಗಿತ್ತು. ತೊಳದು, ಒರಸಿ, ಮತ್ತ ಎಣ್ಣಿ ಹಚ್ಚೀನಿ."

ಎಣ್ಣೆ ಎಂಬ ಮಾತು ಕಿವಿಗೆ ಬಿದ್ದಾಗ ಸಾಹೇಬರ ಕೈಯ ಚಹಾ ಬಟ್ಟಲು ನಿಂತಲ್ಲೇ ನಿಂತಿತು. ಗುರುದೇವಿ ಒಳಗಿನಿಂದ ಒರೆಯನ್ನು ತಂದು ಅವರ ಕೈಗಿಟ್ಟಳು.

ಸಾಹೇಬರು ಅದನ್ನು ಹಿಡಿದುಕೊಂಡರು. ತಮ್ಮ ಕೈಯಿಂದ ಹೋಗುವಾಗ ತಟ್ಟಿದರೆ ಮರದಂತೆ ಟಕ್ಕೆನ್ನುತ್ತಿದ್ದ ತೊಗಲು ಈಗ ಹೆಂಚಿನಿಂದ ಆಗ ತಾನೇ ತೆಗೆದ ರೊಟ್ಟಿಯಷ್ಟು ಮೆತ್ತಗಿತ್ತು. ಒಂದು ಕಡೆ ಹೆಚ್ಚಿಲ್ಲ, ಒಂದು ಕಡೆ ಕಡಿಮೆಯಿಲ್ಲ. ಅಂಚಿನಿಂದ ಅಂಚಿಗೆ, ಹೊಲಿಗೆಯ ಸಂದಿಯವರೆಗೂ ಎಣ್ಣೆ ಒಂದೇ ಸಮ ಇಳಿದಿತ್ತು. ಮೇಲೆ ಜಿಡ್ಡಿನ ಸುಳಿವಿಲ್ಲ. ಕುದುರೆಯ ಎದೆಪಟ್ಟಿಯನ್ನು ಇಷ್ಟು ಮೆತ್ತಗೆ ಮಾಡಲು ಅವರ ತಂದೆಗೆ ಎರಡು ತಿಂಗಳು ಹಿಡಿಯುತ್ತಿತ್ತು. ಸಾಹೇಬರಿಗಂತೂ ಆ ಕೈಚಳಕ ಜನ್ಮದಲ್ಲಿ ಬಂದಿರಲಿಲ್ಲ. ಇಂಥ ಕೈಯನ್ನು ಅವರು ಅಲ್ಲಿಯವರೆಗೆ ಕಂಡಿರಲಿಲ್ಲ, ಕಂಡದ್ದು ಇಂಥ ಕಡೆ.

"ಯಾವ ಎಣ್ಣೆ ಹಚ್ಚಿದ್ರಮ್ಮ?"

"ಔಡಲೆಣ್ಣಿ ರೀ, ನಿಮ್ಮ ಕಡೆ ಹರಳೆಣ್ಣಿ ಅಂತಾರಲ್ರಿ, ಅದ. ನೀವು ಫೋನಿನ್ಯಾಗ ಹದಾ ನೋಡ್ಕೋರಿ ಅಂದ್ರಲ್ಲ, ಅವತ್ತಿಂದ ದಿನಾ ಸಂಜಿಕ ಹಚ್ಚಾಕತ್ತೆ. ನಮ್ಮಪ್ಪನ ಚಪ್ಲಿ ನಾನ ಹದಾ ಮಾಡ್ತಿದ್ದೆ. ಹೊಸಾ ಚಪ್ಲಿ ಕಚ್ಚತಾವಲ್ರಿ? ಹದಿನೈದು ದಿನ ತಿಕ್ಕಿದ್ರ ಮೆತ್ತಗಾಗತಾವು. ಪಿಸ್ತೂಲು ಅಂತೂ ನಾ ಮುಟ್ಟಾಂಗಿಲ್ಲ. ಇಷ್ಟಾದ್ರೂ ಮಾಡೂಣು ಅಂತ." ಆಕೆ ಗಂಡನ ಕಡೆ ನೋಡಿದಳು. "ಆಮ್ಯಾಲ ಅವರಿಗೆ ಒಂದು ದಿನಾನೂ ಕಚ್ಚಲಿಲ್ಲ."

ಸಾಹೇಬರು ಒರೆಯ ಬಾಯಿಯನ್ನು ಬೆಳಕಿಗೆ ಹಿಡಿದರು. ಪಿಸ್ತೂಲು ಹೊರಗೆ ಬಂದೊಡನೆ ಬೆಲ್ಟಿನ ಬಿಗಿಗೆ ಆ ಬಾಯಿ ಮುಚ್ಚಿಕೊಂಡು ಒಂದು ಮಡಿಕೆ ಒಳಕ್ಕೆ ಬಾಗುತ್ತಿತ್ತು. ಆ ಮಡಿಕೆಯ ತುದಿಯಲ್ಲಿ, ಚೌತಿಯ ಚಂದ್ರನ ಹಾಗೆ ಸಣ್ಣದಾಗಿ, ಒಂದು ಬಾಗಿದ ಅಚ್ಚು ಒತ್ತಿ ನಿಂತಿತ್ತು. ಪಿಸ್ತೂಲಿನ ಕುದುರೆಯ ಅಚ್ಚು. ತೊಳೆದರೂ ಹೋಗಿರಲಿಲ್ಲ, ಎಣ್ಣೆ ಹಚ್ಚಿದರೂ ಹೋಗಿರಲಿಲ್ಲ. ಪಿಸ್ತೂಲು ಒಳಗೆ ಇಳಿಯುವಾಗ ಈ ಮಡಿಕೆ ಬೆರಳಿನ ಹಾಗೆ ಕುದುರೆಯ ಮೇಲೆ ಬಂದು ಕೂತಿದೆ. ಎಳೆದದ್ದು ಸಂಗಮೇಶನ ಬೆರಳಲ್ಲ, ಈ ತೊಗಲು. ತೊಗಲು ಸುಳ್ಳು ಹೇಳುವುದಿಲ್ಲ.

ತಲೆಯೆತ್ತಿದಾಗ ಸಂಗಮೇಶ ಅವರನ್ನೇ ನೋಡುತ್ತಿದ್ದ. ಹೆಂಡತಿಗೆ ಕಾಣದ ಹಾಗೆ ಒಂದು ಸಲ ತಲೆಯನ್ನು ಅಡ್ಡಡ್ಡ ಆಡಿಸಿದ. ಬೇಡ ಎಂದು.

ಸಾಹೇಬರಿಗೆ ಎಲ್ಲ ತಿಳಿಯಿತು. ಇವನಿಗೆ ಗೊತ್ತು. ಗುಂಡು ಹಾರಿದ ದಿನವೇ ಗೊತ್ತು. ಪೊಲೀಸರಿಗೆ, ಆಸ್ಪತ್ರೆಯವರಿಗೆ, ಸ್ನೇಹಿತರಿಗೆ, ಕೊನೆಗೆ ಕಟ್ಟಿಕೊಂಡವಳಿಗೂ ತಾನೇ ದಡ್ಡ, ಬೆರಳು ನನ್ನದೇ ಎಂದು ಹೇಳಿಕೊಂಡು, ಇಡೀ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು ಹನ್ನೊಂದು ದಿನದಿಂದ ಕೂತಿದ್ದಾನೆ. ಮದುವೆಯಾಗಿ ಮೂವತ್ತೈದು ವರ್ಷವಾದ ಸಾಹೇಬರು ಆ ಗಂಡಸನ್ನು ಬೆಕ್ಕಸ ಬೆರಗಾಗಿ ನೋಡಿದರು. ಚಹಾದಲ್ಲಿ ಸಕ್ಕರೆ ಹೆಚ್ಚಾದರೆ ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳುವ ತಮ್ಮ ಬಾಯಿ ನೆನಪಾಗಿ ನಾಚಿಕೆಯಾಯಿತು.

ಹಾಗಾದರೆ ಸುಮ್ಮನಿದ್ದುಬಿಡುವುದೇ ಸರಿ. ಒಂದು ಮನೆಯ ನೆಮ್ಮದಿಗಿಂತ ತೊಗಲಿನ ಸತ್ಯ ದೊಡ್ಡದೇ? ಅವರು ಒರೆಯನ್ನು ಚೀಲಕ್ಕೆ ಹಾಕಿಕೊಳ್ಳಲು ಹೋದರು.

"ಹೊಸಾದಕ್ಕೂ ನಾನ ಹಚ್ತೀನ್ರಿ ಅಂಕಲ್," ಎಂದಳು ಗುರುದೇವಿ. "ಈ ಸಲ ಇನ್ನೂ ಛಲೋ ಹದಾ ಮಾಡ್ತೀನಿ. ಅವರ ಸೊಂಟಕ್ಕ ಐತಿ ಅನ್ನೂದ ಗೊತ್ತಾಗಬಾರದು, ಹಂಗ."

"ಹೊಸಾದು ನಾ ಅಂಗಡ್ಯಾಗ ಇಡ್ತೀನಿ, ಮನಿಗೆ ತರೂದಿಲ್ಲ," ಎಂದ ಸಂಗಮೇಶ.

"ಅಂಗಡಿಗೆ ಬಂದು ಹಚ್ತೀನಿ. ಅದೇನು ಹತ್ತು ಊರು ದಾಟಿ ಐತೇನು?"

ಸಾಹೇಬರು ಲೆಕ್ಕ ಹಾಕಿದರು. ಬಾಯಿ ಮುಚ್ಚಿಕೊಂಡರೆ ಈಕೆ ಅದೇ ಪ್ರೀತಿಯಿಂದ, ಅದೇ ಕೈಯಿಂದ, ಇನ್ನೊಂದು ಒರೆಯನ್ನೂ ರೊಟ್ಟಿ ಮಾಡುತ್ತಾಳೆ. ಮುಂದಿನ ಗುಂಡು ಎರಡು ಇಂಚು ಒಳಗೇ ಬರಬಹುದು. ಬಾಯಿ ಬಿಟ್ಟರೆ, ಗಂಡನ ತೊಡೆ ಸೀಳಿದ್ದು ನನ್ನ ಕೈ ಎಂಬುದನ್ನು ಈಕೆ ಜೀವಮಾನವಿಡೀ ಹೊರಬೇಕು. ಅವನು ಮೈಮೇಲೆ ಎಳೆದುಕೊಂಡು ಕಾಪಾಡಿದ್ದೆಲ್ಲ ನೀರಿನಲ್ಲಿ ಹೋಮ. ಅತ್ತ ದರಿ, ಇತ್ತ ಪುಲಿ.

ಅವರು ಒರೆಯನ್ನು ಮತ್ತೆ ಮೇಜಿನ ಮೇಲಿಟ್ಟರು.

"ಗುರುದೇವಿ, ನಾನೊಂದು ತಪ್ಪು ಮಾತಾಡಿದೀನಮ್ಮ. ಫೋನಲ್ಲಿ ಹದ ಅಂದೆ. ನಿಮ್ಮ ಕಡೆ ಹದ ಮಾಡೋದು ಅಂದ್ರೆ ಚಪ್ಪಲಿ ಮೆತ್ತಗೆ ಮಾಡೋದು ಅಂತ ನನಗೆ ಹೊಳೀಲೇ ಇಲ್ಲ. ನನ್ನ ತಂದೆ ಹೇಳೋರು, ಕುದುರೆ ಎದೆಪಟ್ಟಿಗೆ ಮೆತ್ತಗಿರೋದೇ ಹದ, ಜೀನಿಗೆ ಗಟ್ಟಿಗಿರೋದೇ ಹದ. ಒಂದೇ ಮಾತು, ತೊಗಲು ಯಾವ ಕೆಲಸಕ್ಕೆ ಅನ್ನೋದರ ಮೇಲೆ ಅರ್ಥ. ಒರೆಗೆ ಗಟ್ಟಿಗಿರೋದೇ ಹದ. ಎಣ್ಣೆ ಮುಟ್ಟಿಸಬಾರದು. ಒಣ ಬಟ್ಟೇಲಿ ಒರೆಸಿ, ಬೆವರು ಆರೋಕೆ ಬಿಟ್ಟು, ವರ್ಷಕ್ಕೊಂದು ಸಲ ಹೊರಗಡೆ ಒಂದಿಷ್ಟು ಮೇಣ, ಅಷ್ಟೇ. ಇದನ್ನೆಲ್ಲ ನಾನು ಅವತ್ತೇ ಹೇಳಬೇಕಿತ್ತು. ಬೂಟು ತಂದವಳು ಒಬ್ಬಳು ಅವಸರ ಮಾಡ್ತಿದ್ದಳು, ಒಂದೇ ಮಾತಲ್ಲಿ ಮುಗಿಸಿಬಿಟ್ಟೆ."

ಸಂಗಮೇಶ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ಹೊರಗೆ ಹಿಮ ಬಿಟ್ಟರೆ ನೋಡುವುದಕ್ಕೆ ಏನೂ ಇರಲಿಲ್ಲ.

"ಎಣ್ಣಿ ಹಚ್ಚಿದ್ರ ಏನಾಗತೈತ್ರಿ?" ಎಂದು ಕೇಳಿದಳು ಗುರುದೇವಿ.

ಸಾಹೇಬರು ಚೀಲದಿಂದ ಮರದ ಪಿಸ್ತೂಲನ್ನು ತೆಗೆದರು. ಮೆತ್ತಗಾದ ಒರೆಯನ್ನು ಬೆಲ್ಟು ಒತ್ತುವ ಹಾಗೆ ಎಡಗೈಯಲ್ಲಿ ಒತ್ತಿ ಹಿಡಿದು, ಬಲಗೈಯಿಂದ ಪಿಸ್ತೂಲನ್ನು ಒಳಗೆ ಇಳಿಸುತ್ತ ಅರ್ಧದಲ್ಲಿ ನಿಲ್ಲಿಸಿದರು. ಆಕೆ ಬಗ್ಗಿ ನೋಡಿದಳು. ಆಮೇಲೆ ತಾನಾಗಿಯೇ ತೋರುಬೆರಳನ್ನು ಆ ಸಂದಿಗೆ ಹಾಕಿದಳು. ಮಡಿಕೆ ಎಲ್ಲಿಗೆ ಬಂದು ಕೂತಿದೆ ಎಂದು ಬೆರಳಿಗೆ ತಿಳಿಯಿತು. ಹೊಸ ಚಪ್ಪಲಿ ಎಲ್ಲಿ ಕಚ್ಚುತ್ತದೆ ಎಂದು ಕತ್ತಲಲ್ಲಿ ತಡವಿ ಹೇಳುತ್ತಿದ್ದ ಬೆರಳು ಅದು, ಎರಡನೆಯ ಸಲ ತಡವಬೇಕಾಗಲಿಲ್ಲ.

ಬೆರಳನ್ನು ಹೊರಗೆ ತೆಗೆಯಲು ಆಕೆಗೆ ಬಹಳ ಹೊತ್ತು ಹಿಡಿಯಿತು.

"ನಿಮಗ ಗೊತ್ತಿತ್ತೇನ್ರಿ?" ಎಂದು ಗಂಡನನ್ನು ಕೇಳಿದಳು.

"ಚರ್ಮಕ್ಕ ತರಚೇತಿ ಅಷ್ಟ, ಬಿಡು," ಎಂದ ಅವನು, ಕಿಟಕಿಯ ಕಡೆಯೇ ನೋಡುತ್ತ.

"ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಗುರುದೇವಿ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ನೀರಿನ ಸದ್ದಿನ ಅಡಿಯಲ್ಲಿ ಅಳುವೂ ಕೇಳಿಸಿತು. ಮುಚ್ಚಿಟ್ಟುಕೊಳ್ಳಲು ಎಷ್ಟು ನೋಡಿದರೂ ಮುಚ್ಚಲು ಬಾರದ ಅಳು. ಸಂಗಮೇಶ ಏಳಲು ಹೋಗಿ ಕಾಲಿನ ನೋವಿಗೆ ಮತ್ತೆ ಕೂತ.

"ಯಾಕ್ ಹೇಳಿದ್ರಿ ಅಂಕಲ್?" ಎಂದ. ಸಿಟ್ಟಿತ್ತು, ಆದರೆ ದನಿ ಏರಲಿಲ್ಲ.

ಒಂದು ಮಾತಿನಿಂದ ಅವನ ತೊಡೆ ಸೀಳಿದ್ದಾಗಿತ್ತು, ಇನ್ನೊಂದು ಮಾತಿನಿಂದ ಇವರ ಮನೆ ಸೀಳಿತೇ ಎಂದು ಸಾಹೇಬರಿಗೆ ಭಯವಾಗಿ, ಏನು ಮಾಡಲೂ ತೋಚದೆ ಚೀಲದಿಂದ ಆ ಮೂರು ತುಂಡು ತೊಗಲನ್ನು ತೆಗೆದು ಮೇಜಿನ ಮೇಲಿಟ್ಟು, ಮತ್ತೆ ಒಳಗೆ ಹಾಕಲು ಹೊರಟರು.

ಅಷ್ಟರಲ್ಲಿ ನೀರು ನಿಂತಿತು. ಗುರುದೇವಿ ಬಂದಳು. ಮುಖ ತೊಳೆದಿದ್ದಳು, ಕೈಯನ್ನು ಮೊಣಕೈಯವರೆಗೆ ಸೋಪು ಹಾಕಿ ಉಜ್ಜಿದ್ದಳು. ಎಣ್ಣೆಯ ವಾಸನೆಯೂ ಉಳಿಯದ ಹಾಗೆ.

"ಇವೇನ್ರಿ?"

"ಹೊಸ ಒರೆಗೆ ತಂದಿದ್ದೆ. ಮೂರರಲ್ಲಿ ಒಂದು ಆರಿಸೋಣ ಅಂತ. ಇವತ್ತು ಬೇಡ ಬಿಡಮ್ಮ."

"ಹೊಸಾದಕ್ಕೇನು ಎಣ್ಣಿ ಮುಟ್ಟಸಾಂಗಿಲ್ರಿ," ಎಂದಳು ಆಕೆ. "ಆದ್ರ ದಿನಾ ಇವರ ಮೈಗೆ ಹತ್ತಿ ಇರೂದು, ಬೆವರು, ಬಿಸಿ, ತಿಕ್ಕಾಟ. ಅವೂ ಎಣ್ಣೀನ ಅಲ್ಲೇನು? ಕೊಡ್ರಿಲ್ಲೆ."

ಇದನ್ನು ಸಾಹೇಬರು ಹೇಳಿರಲಿಲ್ಲ. ಕಸುಬಿನಲ್ಲಿ ಹತ್ತು ವರ್ಷ ಸವೆಸಿದವರಿಗೆ ಹೊಳೆಯುವ ಮಾತು ಅದು.

ಗುರುದೇವಿ ನೆಲದ ಮೇಲೆ ಕೂತಳು, ಗಂಡನ ಚಾಚಿದ ಕಾಲಿನ ಪಕ್ಕದಲ್ಲಿ. ಮೊದಲನೆಯ ತುಂಡನ್ನು ಎತ್ತಿಕೊಂಡು ಎರಡೂ ಹೆಬ್ಬೆರಳು ಊರಿ, ಕಣ್ಣು ಮುಚ್ಚಿದಳು. "ಇದು ಮೂರು ತಿಂಗಳದಾಗ ಸೋಲತೈತಿ," ಎಂದು ಕೆಳಗಿಟ್ಟಳು. ಎರಡನೆಯದನ್ನು ಮಡಚಿದಳು, ಬಿಟ್ಟಳು, ಮತ್ತೆ ಮಡಚಿದಳು. "ಇದು ವರ್ಷ ತಡೀತೈತಿ. ಆಮ್ಯಾಲ ಇದೂ ಮೆತ್ತಗ." ಮೂರನೆಯದು ಬೆನ್ನಿನ ತೀರ ಪಕ್ಕದ ತುಂಡು. ಮೂರರಲ್ಲಿ ಅದನ್ನೇ ಹೊಲಿಯುವುದೆಂದು ಸಾಹೇಬರು ಮನೆಯಿಂದ ಹೊರಡುವಾಗಲೇ ಮನಸ್ಸಿನಲ್ಲಿ ಗೊತ್ತು ಮಾಡಿಕೊಂಡಿದ್ದರು, ಯಾರಿಗೂ ಹೇಳಿರಲಿಲ್ಲ.

ಆಕೆ ಅದನ್ನು ಒತ್ತಿದಳು. ಉಗುರಿನ ಬುಡ ಬೆಳ್ಳಗಾಯಿತು. ತೊಗಲು ಬಾಗಲಿಲ್ಲ. ಇನ್ನೂ ಬಲ ಹಾಕಿದಳು, ಭುಜ ನಡುಗಿತು, ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಆಮೇಲೆ ಕಣ್ಣು ತೆರೆದು, ಆ ತುಂಡನ್ನು ಗಂಡನ ಮಡಿಲಿನಲ್ಲಿಟ್ಟಳು.

"ಇದನ್ನ ಹೊಲೀರಿ ಅಂಕಲ್," ಎಂದಳು. "ಇದು ನನ್ನ ಮಾತು ಕೇಳೂದಿಲ್ಲ."